ಆಪರೇಷನ್ನಿನ ಕಾಗದ ರೋಗಿಯ ಕೈಯಲ್ಲಿರಲಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾನು ಹಾಸನದ ಖಾಸಗಿ ಶಾಲೆಯೊಂದರಲ್ಲಿ ಟೀಚರ್. 2019ರಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡೆ. 2024ರಲ್ಲಿ ಅದನ್ನು ಸರಿಪಡಿಸೋಕೆ ಬೇರೆ ಆಸ್ಪತ್ರೆಯಲ್ಲಿ ಇನ್ನೊಂದು ಆಪರೇಷನ್ ಆಯ್ತು. ಈ ಎರಡರ ನಡುವೆ ನಾನು ಪಟ್ಟ ಪಾಡಿನಲ್ಲಿ ಅರ್ಧದಷ್ಟು ಒಂದು ಫೈಲು ಸಿಗದೆ ಹೋದದ್ದರಿಂದ. ಅದಕ್ಕೇ ಈ ಪತ್ರ.

ಈ ಆಪರೇಷನ್ನೇ ಬೇಡ ಅಂತ ನಾನು ಹೇಳುತ್ತಿಲ್ಲ. ಆಗ ನನ್ನ ತೂಕ 118 ಕೆಜಿ. ದಿನಕ್ಕೆ ಎರಡು ಸಲ ಇನ್ಸುಲಿನ್. ಶಾಲೆಯ ಮೆಟ್ಟಿಲು ಹತ್ತಿದರೆ ಏದುಸಿರು. ಒಂದೂವರೆ ವರ್ಷದಲ್ಲಿ 76ಕ್ಕೆ ಇಳಿದೆ, ಇನ್ಸುಲಿನ್ ನಿಂತಿತು. 'ಸ್ವಲ್ಪ ಬಾಯಿ ಕಟ್ಟಿದ್ದರೆ ಸಾಕಿತ್ತು' ಅನ್ನುವವರಿಗೆ ಇಪ್ಪತ್ತು ವರ್ಷ ಬಾಯಿ ಕಟ್ಟಿದವರ ಕಷ್ಟ ಗೊತ್ತಿರುವುದಿಲ್ಲ.

ನನಗೆ ಮಾಡಿದ್ದು ಸ್ಲೀವ್. ಜಠರದ ಸುಮಾರು ಮುಕ್ಕಾಲು ಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯಂಥ ಸಣ್ಣ ಕೊಳವೆ ಮಾಡಿ ಪಿನ್ ಹೊಡೆಯುತ್ತಾರೆ. ತೆಗೆದದ್ದನ್ನು ಮತ್ತೆ ಜೋಡಿಸೋಕೆ ಆಗುವುದಿಲ್ಲ. ಪಿನ್ ಹೊಡೆದ ಜಾಗ ಸೋರಿದರೆ ಸಾಮಾನ್ಯವಾಗಿ ಮೊದಲ ಕೆಲವು ವಾರಗಳಲ್ಲೇ ಗೊತ್ತಾಗುತ್ತದೆ. ಆದರೆ ಆಸಿಡ್ ಮೇಲಕ್ಕೆ ಬರುವ ತೊಂದರೆ ಎಷ್ಟೋ ವರ್ಷ ಕಳೆದ ಮೇಲೂ ಶುರುವಾಗಬಹುದು. ನನಗೆ ಶುರುವಾಗಿದ್ದು ನಾಲ್ಕನೇ ವರ್ಷದಲ್ಲಿ.

ಮಲಗಿದರೆ ಹುಳಿ ನೀರು ಗಂಟಲಿಗೆ ಬರುತ್ತಿತ್ತು. ಮೂರು ದಿಂಬು ಒರಗಿಸಿಕೊಂಡು, ಗೋಡೆಗೆ ಬೆನ್ನು ಕೊಟ್ಟು ಕೂತೇ ನಿದ್ದೆ. ಬೆಳಗ್ಗೆ ಒಂದು ಇಡ್ಲಿ ತಿನ್ನೋಕೆ ಅರ್ಧ ಗಂಟೆ, ಅದರಲ್ಲೂ ಅರ್ಧ ವಾಂತಿ. 'ಗ್ಯಾಸ್' ಅಂತ ಮಾತ್ರೆ ಕೊಟ್ಟರು, ತಿಂಗಳುಗಟ್ಟಲೆ ನುಂಗಿದೆ.

ಒಂದು ರಾತ್ರಿ ತಡೆಯಲಾರದೆ ಸರ್ಕಾರಿ ಆಸ್ಪತ್ರೆಗೆ ಹೋದೆವು. ಹತ್ತು ದಿನದಿಂದ ಏನೂ ನಿಲ್ಲುತ್ತಿರಲಿಲ್ಲ, ಮಾತಾಡೋಕೂ ಶಕ್ತಿ ಇರಲಿಲ್ಲ. ನರ್ಸ್ ಗ್ಲೂಕೋಸ್ ಬಾಟಲಿ ತೂಗುಹಾಕಿದ್ದರು. ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡುವಾಗ ಕೇಳಿದರು, "ಆಂಟಿ, ಈ ಐದು ಸಣ್ಣ ಗುರುತು ಯಾವ ಆಪರೇಷನ್ನಿಂದು?" ನಮ್ಮೆಜಮಾನರು ಹೇಳಿದ ಕೂಡಲೇ ಬಾಟಲಿ ನಿಲ್ಲಿಸಿ, ಮೊದಲು ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟರು. ವಾಂತಿ ಹೀಗೆ ಮುಂದುವರಿದರೆ ಬಿ1 ಖಾಲಿಯಾಗುತ್ತದಂತೆ. ಅದು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೇ ಪೆಟ್ಟು ಬೀಳಬಹುದಂತೆ. ಅವರು ಆ ಐದು ಗುರುತು ಗಮನಿಸದೆ ಇದ್ದಿದ್ದರೆ? ನಾನೊಬ್ಬಳೇ ಹೋಗಿದ್ದಿದ್ದರೆ?

ಕೊನೆಗೆ ಬೆಂಗಳೂರಿನ ಇನ್ನೊಬ್ಬ ಸರ್ಜನ್ ಹತ್ತಿರ ಹೋದೆವು. ಎಂಡೋಸ್ಕೋಪಿ, ಬೇರಿಯಂ ಕುಡಿಸಿ ಎಕ್ಸ್‌ರೇ ಎಲ್ಲ ಆಯ್ತು. ಕೊಳವೆ ನಡುವೆ ತಿರುಚಿಕೊಂಡಿತ್ತು. ಮೇಲಿನ ಭಾಗ ಎದೆಯೊಳಕ್ಕೆ ಜಾರಿತ್ತು, ಅದಕ್ಕೆ ಹರ್ನಿಯಾ ಅನ್ನುತ್ತಾರೆ. ಸ್ಲೀವನ್ನು ಬೈಪಾಸ್ ಮಾಡಬೇಕು ಅಂದರು. ಅಂದರೆ ಮೇಲ್ಭಾಗವನ್ನು ಪುಟ್ಟ ಚೀಲವಾಗಿ ಬೇರೆ ಮಾಡಿ, ಸಣ್ಣಕರುಳನ್ನು ಅದಕ್ಕೇ ಜೋಡಿಸುವುದು. ಆಮೇಲೆ ಕೇಳಿದರು: "ಮೊದಲ ಆಪರೇಷನ್ ನೋಟ್ಸ್ ಕೊಡಿ. ಎಷ್ಟು ದಪ್ಪದ ಟ್ಯೂಬ್ ಇಟ್ಟು ಕತ್ತರಿಸಿದ್ದರು? ಎಲ್ಲಿಂದ ಶುರು ಮಾಡಿದ್ದರು? ಹರ್ನಿಯಾ ಆಗಲೇ ಇತ್ತಾ, ಹೊಲಿದಿದ್ದರಾ?"

ನನ್ನ ಹತ್ತಿರ ಇದ್ದದ್ದು ಒಂದೇ ಹಾಳೆ. ಅದರಲ್ಲಿ ಆಪರೇಷನ್ ಬಗ್ಗೆ ಎರಡು ಸಾಲು: ಸ್ಲೀವ್ ಮಾಡಲಾಗಿದೆ, ತೊಂದರೆ ಆಗಿಲ್ಲ.

ಮೊದಲ ಆಸ್ಪತ್ರೆಗೆ ನಾಲ್ಕು ಸಲ ಅಲೆದೆ. "ಮೂರು ವರ್ಷ ಆಯ್ತಲ್ಲಾ ಮೇಡಂ, ಫೈಲ್ ಇರಲ್ಲ" ಅಂದರು. ಅವರು ಹೇಳಿದ್ದಕ್ಕೆ ಆಧಾರ ಇದೆ ಅನ್ನುವುದೇ ನನಗೆ ಜಾಸ್ತಿ ಬೇಜಾರು. ವೈದ್ಯಕೀಯ ಮಂಡಳಿಯ 2002ರ ನಿಯಮದ ಪ್ರಕಾರ, ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟುಕೊಂಡರೆ ಸಾಕು. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ಅದೇ ನಿಯಮ ಹೇಳುತ್ತದೆ ನಿಜ. ಆದರೆ ಕೇಳಬೇಕಾದ ಕಾಲ ಬರುವಷ್ಟರಲ್ಲಿ ಫೈಲೇ ಇರುವುದಿಲ್ಲ. ಜಠರ ಕತ್ತರಿಸುವುದು ಜೀವನಪರ್ಯಂತಕ್ಕೆ. ಅದರ ಲೆಕ್ಕ ಮೂರೇ ವರ್ಷಕ್ಕೆ ಮುಗಿದರೆ ಹೇಗೆ ಸಾರ್?

ನೋಟ್ಸ್ ಇಲ್ಲದೆಯೇ ಎರಡನೇ ಆಪರೇಷನ್ ಆಯ್ತು. ಮೂರು ಗಂಟೆ ಅಂದದ್ದು ಐದು ಗಂಟೆ ಹಿಡಿಯಿತು. ಒಳಗೆ ಎಲ್ಲ ಅಂಟಿಕೊಂಡಿತ್ತು, ಯಾವುದು ಎಲ್ಲಿದೆ ಅಂತ ಹುಡುಕುತ್ತಾ ಹೋಗಬೇಕಾಯ್ತು ಅಂತ ಡಾಕ್ಟರ್ ಆಮೇಲೆ ಹೇಳಿದರು.

ಇನ್ಶೂರೆನ್ಸ್ ಮಾತೂ ಹೇಳಬೇಕು. ವಿಮಾ ಪ್ರಾಧಿಕಾರ 2019ರಲ್ಲಿ ತಂದ ನಿಯಮದಲ್ಲಿ ಬೊಜ್ಜಿನ ಆಪರೇಷನ್‌ಗೆ ಹಣ ಸಿಗಬೇಕಾದರೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಲೆಕ್ಕ) ಕನಿಷ್ಠ 40 ಇರಬೇಕು, ಇಲ್ಲವೇ ತೀವ್ರವಾದ ಬೇರೆ ಕಾಯಿಲೆಯ ಜೊತೆಗೆ 35 ಇರಬೇಕು. ಎರಡನೇ ಸಲಕ್ಕೆ ನನ್ನ ಬಿಎಂಐ 31. ಮೊದಲ ಆಪರೇಷನ್ನಿಂದ ತೂಕ ಇಳಿದಿತ್ತಲ್ಲ, ಇನ್ನೆಷ್ಟಿರುತ್ತದೆ? ಅದನ್ನೇ ಹಿಡಿದುಕೊಂಡು ನನ್ನ ಅರ್ಜಿ ತಿರಸ್ಕರಿಸಿದರು. ನಾನು ಹೋಗಿದ್ದು ತೂಕ ಇಳಿಸೋಕಲ್ಲ, ಅನ್ನ ನುಂಗೋಕೆ. ಅಮ್ಮ ಕೊಟ್ಟಿದ್ದ ನಾಲ್ಕು ಬಳೆ ಅಡವಿಟ್ಟು ಬಿಲ್ ಕಟ್ಟಿದೆವು.

2024ರ ಏಪ್ರಿಲ್‌ನಲ್ಲಿ ಚೆನ್ನೈನಲ್ಲಿ ಇದೇ ಥರದ ಆಪರೇಷನ್‌ಗೆ ಹೋದ 26 ವರ್ಷದ ಹುಡುಗ ತೀರಿಕೊಂಡಾಗ ತಮಿಳುನಾಡು ಸರ್ಕಾರ ತನಿಖೆ ಮಾಡಿಸಿತು. ಮಾಡಲೇಬೇಕು. ಆದರೆ ಬದುಕಿ ಉಳಿದು, ದಿನಾ ವಾಂತಿ ಮಾಡಿಕೊಳ್ಳುತ್ತಾ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯುವವರನ್ನೂ ಯಾರಾದರೂ ಎಣಿಸಬೇಕಲ್ವಾ?

ವಿಮೆಯ ನಿಯಮ ಕೇಂದ್ರದ್ದು, ನಿಮ್ಮ ಕೈಯಲ್ಲಿಲ್ಲ. ಒಂದು ಪತ್ರವನ್ನಂತೂ ನೀವು ಬರೆಯಬಹುದು. ಆದರೆ ಖಾಸಗಿ ಆಸ್ಪತ್ರೆಗಳ ಕಾಯ್ದೆ ನಮ್ಮ ರಾಜ್ಯದ್ದೇ. 2007ರ ಕೆಪಿಎಂಇ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಮಾಡಿ ರೋಗಿಗಳ ಹಕ್ಕುಗಳನ್ನು ಸೇರಿಸಿದಿರಿ. ಅದರ ಕೆಳಗೆ ಒಂದು ನಿಯಮ ಮಾಡಿ. ತೂಕ ಇಳಿಸುವ ಆಪರೇಷನ್ ಆದವರಿಗೆ ಡಿಸ್ಚಾರ್ಜ್ ದಿನವೇ, ಕೇಳದೆಯೇ, ಪೂರ್ತಿ ಆಪರೇಷನ್ ನೋಟ್ಸ್ ಕೊಡಬೇಕು. ಆಸ್ಪತ್ರೆಯೂ ಆ ದಾಖಲೆಯನ್ನು ರೋಗಿ ಬದುಕಿರುವವರೆಗೆ ಇಟ್ಟುಕೊಳ್ಳಬೇಕು. ಜೊತೆಗೆ ಪರ್ಸ್‌ನಲ್ಲಿ ಹಿಡಿಯುವ ಒಂದು ಕಾರ್ಡು ಕೊಡಬೇಕು, ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ: ಯಾವ ಆಪರೇಷನ್, ಯಾವ ದಿನ, ವಾಂತಿ ನಿಲ್ಲದಿದ್ದರೆ ಗ್ಲೂಕೋಸ್‌ಗೆ ಮೊದಲು ಬಿ1. ಎರಡನೇ ಆಪರೇಷನ್ ಬೇಕಾದವರ ಲೆಕ್ಕವನ್ನು ಪ್ರತಿ ಆಸ್ಪತ್ರೆಯೂ ಇಲಾಖೆಗೆ ಕೊಡಬೇಕು. ಇದಕ್ಕೆ ಹೊಸ ಕಟ್ಟಡ ಬೇಡ, ದೊಡ್ಡ ಬಜೆಟ್ಟೂ ಬೇಡ.

ನನ್ನ ಎರಡನೇ ಆಪರೇಷನ್ನಿನ ನೋಟ್ಸ್ ನಾಲ್ಕು ಪುಟ ಇದೆ. ಕರುಳನ್ನು ಎಷ್ಟು ಉದ್ದ ಬಿಟ್ಟು ಜೋಡಿಸಿದರು ಅನ್ನುವುದೂ ಅದರಲ್ಲಿದೆ. ನಾನು ಕೇಳುವ ಮೊದಲೇ ಆ ಡಾಕ್ಟರ್ ಕೈಗಿಟ್ಟರು. ಅದರ ಜೆರಾಕ್ಸ್ ಈ ಪತ್ರದ ಜೊತೆ ನಿಮ್ಮ ಕಚೇರಿಗೆ ಕಳಿಸುತ್ತಿದ್ದೇನೆ. ಮಾದರಿಗೆ ಅದನ್ನೇ ಇಟ್ಟುಕೊಳ್ಳಿ.

ಇಂತಿ ನಮಸ್ಕಾರಗಳೊಂದಿಗೆ,
ಹಾಸನದ ಒಬ್ಬ ಟೀಚರ್