ವಾಲ್ ಅಳತೆಯ ವಿಡಿಯೋ ಇನ್ನು ಎಂಪಿ4ನಲ್ಲಿ ಕೊಡುವುದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಎಲ್ಲರಿಗೂ ನಮಸ್ಕಾರ.

ಗಣೇಶ ಹಬ್ಬದ ಆರ್ಡರ್‌ಗಳು ಶುರುವಾಗುವ ಮುಂಚೆಯೇ ಹೇಳಿಬಿಡೋಣ ಅಂತ ಬರೆಯುತ್ತಿದ್ದೇವೆ. ಎಲ್‌ಇಡಿ ವಾಲ್‌ನ (ಪ್ಯಾನೆಲ್ ಜೋಡಿಸಿ ಕಟ್ಟುವ ದೊಡ್ಡ ಪರದೆ) ಅಳತೆಗೆ ತಕ್ಕಂತೆ ಮಾಡುವ ವಿಡಿಯೋಗಳನ್ನು ಈ ಹಬ್ಬದಿಂದ ಹ್ಯಾಪ್ ಕೋಡೆಕ್‌ನಲ್ಲಿ ಕೊಡುತ್ತೇವೆ. ಕೋಡೆಕ್ ಅಂದರೆ ವಿಡಿಯೋವನ್ನು ಫೈಲಿನಲ್ಲಿ ಒತ್ತಿ ತುಂಬಿಡುವ ವಿಧಾನ. ಫೈಲ್ ಎಸ್‌ಎಸ್‌ಡಿಯಲ್ಲಿ (ವೇಗದ ಡ್ರೈವ್) ಬರುತ್ತದೆ. ಅದಕ್ಕೆ 3,000 ರೂಪಾಯಿ ಡಿಪಾಸಿಟ್, ಡ್ರೈವ್ ವಾಪಸ್ ಬಂದ ದಿನವೇ ದುಡ್ಡೂ ವಾಪಸ್. ನೋಡಿ ಓಕೆ ಹೇಳಲು ಚಿಕ್ಕ ಎಂಪಿ4 ಎಂದಿನಂತೆ ವಾಟ್ಸಾಪ್‌ಗೆ ಕಳಿಸುತ್ತೇವೆ. ಅದನ್ನು ಮಾತ್ರ ವಾಲ್‌ಗೆ ಹಾಕಬೇಡಿ. ಮದುವೆ ವಿಡಿಯೋ, 1920×1080 ಕೆಲಸಗಳಿಗೆ ಯಾವ ಬದಲಾವಣೆಯೂ ಇಲ್ಲ.

ಒಂದು ಕ್ಷಮೆ ಕೇಳುವುದು ಬಾಕಿ ಇದೆ. ಹೋದ ರಾಜ್ಯೋತ್ಸವದಲ್ಲಿ 60 ಅಡಿ ವಾಲ್‌ಗೆ ನಾವು ಕೊಟ್ಟ ವಿಡಿಯೋ ನಾಡಗೀತೆಯ ಹೊತ್ತಿಗೇ ತಡವರಿಸಿತು. ಭುವನೇಶ್ವರಿಯ ಚಿತ್ರ ನಿಂತು ನಿಂತು ಸಾಗಿತು. ಬೈಗುಳ ತಿಂದಿದ್ದು ಪಾಪ ಆಪರೇಟರ್. ತಪ್ಪು ಅವರದಲ್ಲ, ಕೋಡೆಕ್ ಆರಿಸಿದ ನಮ್ಮದು. ಆ ವಾಲ್‌ನಲ್ಲಿ ಅಡ್ಡಕ್ಕೆ 36 ಪ್ಯಾನೆಲ್, ಎತ್ತರಕ್ಕೆ 6. ಪಿ3.91 ಪ್ಯಾನೆಲ್ ಅಂದರೆ ದೀಪದಿಂದ ದೀಪಕ್ಕೆ 3.91 ಮಿಲಿಮೀಟರ್ ಅಂತರ (ಇದಕ್ಕೇ ಪಿಚ್ ಅನ್ನುವುದು), ಅರ್ಧ ಮೀಟರ್ ಚೌಕದಲ್ಲಿ 128×128 ಪಿಕ್ಸೆಲ್. ಒಟ್ಟು 4608×768 ಆಯಿತು. ನಾವು ಕೊಟ್ಟಿದ್ದು ಎಚ್.264, ಅಂದರೆ ಎಂಪಿ4 ಫೈಲಿನಲ್ಲಿ ಸಾಮಾನ್ಯವಾಗಿ ಇರುವ ಕೋಡೆಕ್. ಹೆಚ್ಚಿನ ಲ್ಯಾಪ್‌ಟಾಪ್‌ಗಳ ಗ್ರಾಫಿಕ್ಸ್ ಕಾರ್ಡ್ ಅದನ್ನು 4096 ಅಗಲದವರೆಗೆ ಮಾತ್ರ ಬಿಡಿಸುತ್ತದೆ. ಮೇಲೆ ಹೋದರೆ ಪೂರ್ತಿ ಭಾರ ಸಿಪಿಯು (ಮುಖ್ಯ ಪ್ರೊಸೆಸರ್) ಮೇಲೆ. ನಮ್ಮ ದೊಡ್ಡ ಕಂಪ್ಯೂಟರ್‌ನಲ್ಲಿ ಸಲೀಸಾಗಿ ಓಡಿತ್ತು, ಅಷ್ಟನ್ನೇ ನಂಬಿಬಿಟ್ಟೆವು.

ಈಗ ವಾರಕ್ಕೆ ನಾಲ್ಕು ಸಲ ಕೇಳುವ ಮಾತು. "ಒಂದು ನಿಮಿಷದ ವಿಡಿಯೋಗೆ ಎರಡೂವರೆ ಜಿಬಿನಾ? ಬೇರೆಯವರು 100 ಎಂಬಿಯಲ್ಲಿ ಮುಗಿಸ್ತಾರೆ. ಸುಮ್ನೆ ದೊಡ್ಡದು ಮಾಡಿ ಡ್ರೈವ್ ದುಡ್ಡು ಕೀಳ್ತೀರಿ." ಈ ಮಾತು ನಮಗೆ ತುಂಬಾ ನೋವು ತಂದಿದೆ.

ಲೆಕ್ಕ ನೀವೇ ಹಾಕಿ. ಹ್ಯಾಪ್‌ನಲ್ಲಿ ಒಂದು ಪಿಕ್ಸೆಲ್‌ಗೆ ಅರ್ಧ ಬೈಟ್. 4608×768ರ ಒಂದು ಫ್ರೇಮ್ (ವಿಡಿಯೋದ ಒಂದು ಚಿತ್ರ) ಸುಮಾರು 1.77 ಎಂಬಿ. ಸೆಕೆಂಡಿಗೆ 25 ಫ್ರೇಮ್ ಅಂದರೆ 44 ಎಂಬಿ. ನಿಮಿಷಕ್ಕೆ ಎರಡೂವರೆ ಜಿಬಿ ದಾಟುತ್ತದೆ. ಎಂಪಿ4 ಚಿಕ್ಕದಾಗಿರುವುದು ಯಾಕೆಂದರೆ, ಎಚ್.264 ಹಿಂದಿನ ಫ್ರೇಮಿಗೂ ಈ ಫ್ರೇಮಿಗೂ ಏನು ಬದಲಾಯಿತು ಅನ್ನುವುದನ್ನಷ್ಟೇ ಹೆಚ್ಚಾಗಿ ಬರೆದಿಡುತ್ತದೆ. ಆಡಿಸುವಾಗ ಅದನ್ನೆಲ್ಲ ಮತ್ತೆ ಜೋಡಿಸಬೇಕು. ಲೂಪ್ ಮುಗಿದು ಮೊದಲಿಗೆ ಹಾರುವಾಗ ಜರ್ಕ್ ಹೊಡೆಯುತ್ತದಲ್ವಾ, ಅದು ಹೆಚ್ಚಾಗಿ ಇದರಿಂದಲೇ. ಹ್ಯಾಪ್‌ನಲ್ಲಿ ಪ್ರತಿ ಫ್ರೇಮೂ ಪೂರ್ತಿ ಇರುತ್ತದೆ. ಅದೂ ಗ್ರಾಫಿಕ್ಸ್ ಕಾರ್ಡ್‌ಗೆ ನೇರವಾಗಿ ಅರ್ಥವಾಗುವ ರೂಪದಲ್ಲಿ. ಹಾಗಾಗಿ ಹಳೆಯ ಲ್ಯಾಪ್‌ಟಾಪ್ ಕೂಡ ಏದುಸಿರು ಬಿಡುವುದಿಲ್ಲ.

ಬಣ್ಣದ ವಿಷಯವೂ ಇದೆ. ಸಾಮಾನ್ಯ ಎಂಪಿ4ನಲ್ಲಿ ನಾಲ್ಕು ಪಿಕ್ಸೆಲ್‌ಗೆ ಸೇರಿ ಒಂದೇ ಬಣ್ಣದ ಮಾಹಿತಿ. ಟಿವಿಯಲ್ಲಿ ಗೊತ್ತಾಗಲ್ಲ. ವಾಲ್‌ನಲ್ಲಿ ದೀಪದಿಂದ ದೀಪಕ್ಕೆ ಹತ್ತಿರ ಹತ್ತಿರ 4 ಮಿಲಿಮೀಟರ್. ಅರಿಶಿನದ ಮೇಲೆ ಕುಂಕುಮ ಬಣ್ಣದಲ್ಲಿ ಊರಿನ ಹೆಸರು ಬರೆದು ಮೊದಲ ಸಾಲಿನಲ್ಲಿ ಕೂತು ನೋಡಿ. ದೊಡ್ಡ ಅಕ್ಷರದ ಅಂಚು ಮಾಸಿದ ಕಿತ್ತಳೆ ಆಗಿರುತ್ತದೆ. ಕೆಳಗಿನ ಒತ್ತಕ್ಷರ ಕಲಸಿ ಹೋಗಿರುತ್ತದೆ. ಹ್ಯಾಪ್‌ನಲ್ಲಿ ಅದು ಚೂಪಾಗಿ ನಿಲ್ಲುತ್ತದೆ. ಆದರೆ ಮುಸ್ಸಂಜೆ ಆಕಾಶದಂಥ ನಯವಾದ ಬಣ್ಣ ಪಟ್ಟೆ ಪಟ್ಟೆಯಾಗಿ ಕಾಣಬಹುದು, ಅದನ್ನೂ ಹೇಳಬೇಕು. ಅಂಥ ಕಡೆ ಹ್ಯಾಪ್‌ನದೇ ಇನ್ನೂ ಒಳ್ಳೆಯ ಗುಣಮಟ್ಟದ ರೂಪವಾದ ಹ್ಯಾಪ್ ಕ್ಯೂ ಹಾಕುತ್ತೇವೆ. ಫೈಲ್ ಗಾತ್ರ ದುಪ್ಪಟ್ಟು, ರೇಟ್ ಅದೇ.

ಎಚ್.264ರ ನಂತರ ಬಂದ ಎಚ್.265 ಆಗಲ್ವಾ ಅಂದರೆ, ಅದು 8192 ಅಗಲದವರೆಗೆ ಬರುತ್ತದೆ ನಿಜ. ಹಳೆಯ ಲ್ಯಾಪ್‌ಟಾಪ್‌ಗಳಿಗೆ ಆಗದು, ಲೂಪ್ ತೊಂದರೆಯೂ ಹಾಗೇ ಉಳಿಯುತ್ತದೆ.

ಹ್ಯಾಪ್ ಉಚಿತ ಕೋಡೆಕ್, ಅದಕ್ಕಾಗಿ ನಿಮ್ಮಿಂದ ಒಂದು ಪೈಸೆಯೂ ತಗೊಳ್ಳುತ್ತಿಲ್ಲ. ಖರ್ಚಿರುವುದು ಡ್ರೈವ್‌ದು. ಹೋದ ಸೀಸನ್‌ನಲ್ಲಿ ಬಸ್ ಪಾರ್ಸಲ್‌ನಲ್ಲಿ ಹೋದ ಏಳು ಡ್ರೈವ್‌ಗಳಲ್ಲಿ ವಾಪಸ್ ಬಂದಿದ್ದು ನಾಲ್ಕು. ಮಿಕ್ಕ ಮೂರರ ದುಡ್ಡು ನಮ್ಮ ಕೈಯಿಂದಲೇ ಹೋಯಿತು, ಯಾರ ಬಿಲ್‌ಗೂ ಸೇರಿಸಲಿಲ್ಲ. ಪೆನ್‌ಡ್ರೈವ್ ಸಾಕು ಅನ್ನುವವರಿಗೆ: ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ನಲ್ಲಿ 4 ಜಿಬಿ ಮೀರಿದ ಫೈಲ್ ಕೂರುವುದೇ ಇಲ್ಲ. ಯುಎಸ್‌ಬಿ 2.0 ಪೋರ್ಟಿನಿಂದ ಸೆಕೆಂಡಿಗೆ 44 ಎಂಬಿ ಹರಿಯುವುದೂ ಇಲ್ಲ. ಡ್ರೈವ್ ಬಂದ ಕೂಡಲೇ ಫೈಲನ್ನು ಲ್ಯಾಪ್‌ಟಾಪ್‌ನ ಎಸ್‌ಎಸ್‌ಡಿಗೆ ಕಾಪಿ ಮಾಡಿಕೊಳ್ಳಿ.

ಅಳತೆಯನ್ನು ಅಡಿ ಲೆಕ್ಕದಲ್ಲಿ ಹೇಳಬೇಡಿ. ಅದೇ 60 ಅಡಿ ವಾಲ್ ಪಿ2.6 ಪ್ಯಾನೆಲ್‌ನಲ್ಲಿ ಕಟ್ಟಿದರೆ 6912×1152 ಆಗುತ್ತದೆ. ಅಡ್ಡಕ್ಕೆ ಎಷ್ಟು ಪ್ಯಾನೆಲ್, ಎತ್ತರಕ್ಕೆ ಎಷ್ಟು, ಯಾವ ಪಿಚ್, ಯಾವ ಸಾಫ್ಟ್‌ವೇರ್‌ನಲ್ಲಿ ಆಡಿಸುತ್ತೀರಿ ಅಂತ ನಾಲ್ಕು ದಿನ ಮೊದಲೇ ತಿಳಿಸಿ.

ವಾಲ್ ಕಟ್ಟಿದ ರಾತ್ರಿ ಫೋನ್ ಮಾಡಿ, ಎರಡು ಗಂಟೆಯಾದರೂ ಸರಿ. ಲೂಪ್ ಹತ್ತು ಸಲ ಸರಿಯಾಗಿ ತಿರುಗುವ ತನಕ ಲೈನಿನಲ್ಲೇ ಇರುತ್ತೇವೆ. ಹೋದ ರಾಜ್ಯೋತ್ಸವದ ಆ ಸಮಿತಿಯವರಿಗೆ ಈ ವರ್ಷದ ಕೆಲಸ ಉಚಿತ. ಪ್ಯಾನೆಲ್ ಲೆಕ್ಕ ಕಳಿಸಿ, ಸಾಕು.

ಇಂತಿ ನಿಮ್ಮ,
ಸ್ಟುಡಿಯೋದ ಬಳಗ, ದಾವಣಗೆರೆ