ಮಕ್ಕಳು ಅಂಬಾಲಾದಲ್ಲೇ ಇರುತ್ತಾರೆ, ದೋಸ್ತ

ದೋಸ್ತ,

ಸೇನೆಯಲ್ಲಿ ನನ್ನ ಮುಂದಿನ ಪೋಸ್ಟಿಂಗ್ ಫೀಲ್ಡಿಗೆ, ಅಂದರೆ ಮನೆಯವರನ್ನು ಕರೆದೊಯ್ಯಲಾಗದ ಕಡೆಗೆ, ಬಂದಿದೆ ಅಂದಾಗ ನೀನು, "ಹಂಗಾದ್ರ ಹೆಂಡ್ತಿ ಮಕ್ಕಳನ್ನ ಊರಿಗೆ ತಂದು ಬಿಡು, ಆ ದೂರದ ಊರಾಗ ಆಕಿ ಒಬ್ಬಾಕಿ ಹೆಂಗ ಇರ್ತಾಳ?" ಅಂದಿ. ಅವ್ವನೂ ಅದನ್ನೇ ಅನ್ನುತ್ತಾಳೆ. ಫೋನಿನಲ್ಲಿ ಪೂರ್ತಿ ಹೇಳಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಕ್ಕಳು ಇಲ್ಲೇ, ಹರಿಯಾಣದ ಅಂಬಾಲಾದಲ್ಲೇ, ಇರಲಿ ಎಂದು ನಿಶ್ಚಯವಾಗಿದೆ. ನಿಶ್ಚಯ ಮಾಡಿದವಳು ನನ್ನ ಹೆಂಡತಿ, ನಾನು ಮನಸಾರೆ ಒಪ್ಪಿದವನು.

ನಮ್ಮ ಕ್ವಾರ್ಟರ್ ಸಾಲನ್ನು ನೀನೊಮ್ಮೆ ನೋಡಬೇಕು. ಮೇಲಿನ ಮನೆಯವರು ಗಢವಾಲದವರು, ಎದುರಿನವರು ಕೇರಳದವರು, ಮೂಲೆಯ ಮನೆ ನಾಗಾಲ್ಯಾಂಡಿನವರದು. ನಸುಕಿನಲ್ಲಿ ನಾವು ಪಿಟಿಗೆ ಹೊರಟರೆ ಹಿಂದೆಯೇ ಎಲ್ಲ ಮನೆಗಳಲ್ಲೂ ಕುಕ್ಕರ್ ಕೂಗುತ್ತದೆ. ಮಕ್ಕಳನ್ನು ಶಾಲೆಯ ಗಾಡಿಗೆ ಹತ್ತಿಸಲು ಒಬ್ಬ ತಾಯಿ ಹೋದರೆ ಸಾಕು, ಸಾಲಿನ ಮಕ್ಕಳೆಲ್ಲ ಅವಳ ಕೈಹಿಡಿದು ಹೋಗುತ್ತವೆ. ಸಣ್ಣವನಿಗೆ ರಾತ್ರಿ ಜ್ವರ ಏರಿದಾಗ ನಾನು ಯುದ್ಧಾಭ್ಯಾಸದ ಎಕ್ಸರ್‌ಸೈಜಿಗೆ ಹೋಗಿದ್ದೆ. ಎಂಐ ರೂಮಿಗೆ, ಅಂದರೆ ಸೇನೆಯ ಸಣ್ಣ ದವಾಖಾನೆಗೆ, ಅವನನ್ನು ಎತ್ತಿಕೊಂಡು ಓಡಿದವರು ಮೇಲಿನ ಮನೆಯ ಭಾಭೀಜಿ, ದೊಡ್ಡವಳಿಗೆ ಊಟ ಮಾಡಿಸಿ ಮಲಗಿಸಿದವರು ಕೇರಳದ ಚೇಚಿ. ಯಾರ ಗಂಡ ಫೀಲ್ಡಿನಲ್ಲಿದ್ದಾನೋ ಅವಳ ಗ್ಯಾಸು, ರೇಷನ್ನು, ಕ್ಯಾಂಟೀನಿನ ಸರತಿ ಎಲ್ಲವನ್ನೂ ಉಳಿದವರು ಹಂಚಿಕೊಳ್ಳುತ್ತಾರೆ, ಯಾಕೆಂದರೆ ಮುಂದಿನ ವರ್ಷ ಆ ಪಾಳಿ ತಮಗೇ ಬರಬಹುದು.

ಕಳೆದ ವರ್ಷದ, ಅಂದರೆ 2025ರ ಮೇ ತಿಂಗಳು ನಿನಗೂ ನೆನಪಿರಬೇಕು. 7ರ ನಸುಕಿನಲ್ಲಿ ಆಪರೇಷನ್ ಸಿಂಧೂರ ಶುರುವಾಯಿತು, 10ರ ಸಂಜೆ ಕದನ ನಿಂತಿತು. ನಡುವಿನ ರಾತ್ರಿಗಳಲ್ಲಿ ಅಂಬಾಲಾದಲ್ಲಿ ಬ್ಲ್ಯಾಕೌಟ್. ಇಲ್ಲಿ ವಾಯುಪಡೆಯ ನೆಲೆಯೂ ಇದೆಯಲ್ಲ, 2020ರಲ್ಲಿ ಮೊದಲ ರಫೇಲ್‌ಗಳು ಬಂದಿಳಿದದ್ದು ಇಲ್ಲಿಯೇ. ನಮ್ಮ ಮಕ್ಕಳು ವಿಮಾನದ ಸದ್ದಿನಲ್ಲೇ ನಿದ್ದೆ ಮಾಡಿ ಬೆಳೆದವರು. ಸೈರನ್ ಮಾತ್ರ ಅವರಿಗೆ ಹೊಸದು. ನಾನು ಯೂನಿಟ್ಟಿನಲ್ಲಿದ್ದೆ, ಮನೆಗೆ ಬರುವಂತಿರಲಿಲ್ಲ. ಇವಳು ಕಿಟಕಿಗಳಿಗೆ ಕಂಬಳಿ ಕಟ್ಟಿದಳು. ಸಾಲಿನ ಹೆಣ್ಣುಮಕ್ಕಳೆಲ್ಲ ಸೇರಿ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂಡಿಸಿ, ಕತ್ತಲಲ್ಲೇ ಅಂತ್ಯಾಕ್ಷರಿ ಆಡಿಸಿದರು. ಟಿವಿ ಯಾರೂ ಹಚ್ಚಬಾರದು ಎಂದು ಅವರವರೇ ಮಾತಾಡಿಕೊಂಡಿದ್ದರಂತೆ. ಅದೇ ಹೊತ್ತಿನಲ್ಲಿ ಊರಲ್ಲಿ ಅವ್ವ ಟಿವಿ ಮುಂದೆಯೇ ಕೂತು, ಅವರು ಕೂಗಿದ್ದನ್ನೆಲ್ಲ ನಂಬಿ, ಅತ್ತು ಅತ್ತು ಬಿ.ಪಿ. ಏರಿಸಿಕೊಂಡಿದ್ದಳು. ಮಕ್ಕಳನ್ನು ಕರೆದುಕೊಂಡು ಬಂದುಬಿಡು ಎಂದು ಇವಳಿಗೆ ಫೋನ್ ಮಾಡಿದಳು. "ಇಲ್ಲೇ ಇರ್ತೀವ್ರಿ ಅತ್ತಿ. ಇಲ್ಲಿ ಎಲ್ಲಾರ ಮನ್ಯಾಗೂ ಒಬ್ರು ಹೊರಗದಾರ" ಅಂದಳಂತೆ ಇವಳು.

ಆ ಮಾತನ್ನು ನಾನು ಆಮೇಲೆ ಅವ್ವನ ಬಾಯಿಂದ ಕೇಳಿದೆ. ಅಂದಿನಿಂದ, ಎಲ್ಲಿರಬೇಕು ಎನ್ನುವ ವಿಷಯದಲ್ಲಿ ಇವಳ ತೀರ್ಮಾನವೇ ನನಗೆ ದೊಡ್ಡದು. ಊರಲ್ಲಿ ಅವಳಿಗೆ ಪ್ರೀತಿ ಕಡಿಮೆಯಾಗುತ್ತದೆ ಅಂತಲ್ಲ. ಆದರೆ ಅಲ್ಲಿ ಅವಳ ಕಾಳಜಿಯ ಜೊತೆಗೆ ಇಡೀ ಮನೆಯ ಕಾಳಜಿಯನ್ನೂ ಅವಳೇ ಹೊರಬೇಕಾಗುತ್ತದೆ. ಇಲ್ಲಿ ಅವಳ ಮುಖ ನೋಡಿಯೇ ಅರ್ಥ ಮಾಡಿಕೊಳ್ಳುವ ಹೆಂಗಸರಿದ್ದಾರೆ.

ಮನೆಯ ಚಿಂತೆಯೂ ಇಲ್ಲ. ಫೀಲ್ಡಿಗೆ ಹೋದವರ ಕುಟುಂಬಕ್ಕೆಂದೇ ಮನೆ ಕೊಡುವ ಏರ್ಪಾಡಿದೆ, ಎಸ್‌ಎಫ್‌ಎ ಅಂತಾರೆ. ಶಾಲೆಯೂ ಬದಲಾಗುವುದಿಲ್ಲ. ಕೇಂದ್ರೀಯ ವಿದ್ಯಾಲಯಗಳು ಹುಟ್ಟಿದ್ದೇ ನಮ್ಮಂಥ ವರ್ಗಾವಣೆಯವರ ಮಕ್ಕಳಿಗಾಗಿ. 1963ರಲ್ಲಿ 20 ರೆಜಿಮೆಂಟಲ್ ಶಾಲೆಗಳಿಂದ ಅವು ಶುರುವಾದವು. ಎಲ್ಲಿಗೆ ಹೋದರೂ ಅದೇ ಪಾಠ ಮುಂದುವರಿಯುತ್ತದೆ. ಈಗ ಊರಿಗೆ ತಂದು ಸೇರಿಸಿ, ನನಗೆ ಮನೆಯವರನ್ನು ಜೊತೆಗಿಟ್ಟುಕೊಳ್ಳಬಹುದಾದ ಪೀಸ್ ಪೋಸ್ಟಿಂಗ್ ಬಂದಾಗ ಮತ್ತೆ ಕಿತ್ತು ತರುವುದು ಮಗಳಿಗೆ ಬೇಡ. ಎರಡನೇ ಕ್ಲಾಸಿಗೆ ಬರುವಷ್ಟರಲ್ಲೇ ಅವಳು ಎರಡು ಊರಿನ ಗೆಳತಿಯರನ್ನು ಬಿಟ್ಟು ಬಂದಿದ್ದಾಳೆ. ಕರಿ ಟ್ರಂಕುಗಳು ಹೊರಬಂದರೆ ಸಾಕು, ತನ್ನ ಗೊಂಬೆಗಳನ್ನು ತಾನೇ ಒಂದು ಡಬ್ಬಿಗೆ ತುಂಬಿ ನಂಬರ್ ಬರೆಯುತ್ತಾಳೆ. ನೋಡಿದರೆ ಹೆಮ್ಮೆಯೂ ಆಗುತ್ತದೆ, ಕರುಳೂ ಚುರುಕ್ ಅನ್ನುತ್ತದೆ.

ಇನ್ನು ನನಗೆ ನಿಜವಾಗಿ ಕಾಡುವ ಸಂಗತಿ ಹೇಳುತ್ತೇನೆ. ಮಕ್ಕಳ ಕನ್ನಡ. ಮನೆಯಲ್ಲಿ ಇಬ್ಬರೂ ನಮ್ಮ ಮಾತೇ ಆಡುತ್ತಾರೆ, ಆದರೆ ಹೊಸ್ತಿಲು ದಾಟಿದರೆ ಪೂರಾ ಹಿಂದಿ. ಮಗಳು ಹಿಂದಿ, ಇಂಗ್ಲಿಷ್ ಎರಡನ್ನೂ ಸರಾಗ ಓದುತ್ತಾಳೆ, ಕನ್ನಡ ಅಕ್ಷರ ಬಾರದು. ಆಯಿ ಜೊತೆ ಫೋನಿನಲ್ಲಿ ಮಾತಾಡುವಾಗ ಶಬ್ದ ಸಿಗದೆ ಸುಮ್ಮನಾಗಿಬಿಡುತ್ತಾಳೆ. ನಾನು ಫೀಲ್ಡಿನಲ್ಲಿರುವಾಗ ಅವಳು ನನಗೆ ಕನ್ನಡದಲ್ಲಿ ಒಂದು ಕಾಗದ ಬರೆಯಬೇಕು ಎನ್ನುವುದು ನನ್ನ ಆಸೆ. ಇವಳು ಪಾಟಿ ಹಿಡಿದು ಶುರು ಮಾಡಿದ್ದಾಳೆ. ನೀನು ನಲಿ-ಕಲಿ ಮಕ್ಕಳಿಗೆ ಕಲಿಸುವ ಮಾಸ್ತರ, ಇದು ನಿನ್ನಿಂದಲೇ ಆಗಬೇಕಾದ ಕೆಲಸ. ಒಂದನೇ ಇಯತ್ತೆಯ ಕನ್ನಡ ಪುಸ್ತಕ, ಕಾಪಿ ಬರೆಯುವ ಪುಸ್ತಕ, ನಾಲ್ಕಾರು ಚಿತ್ರದ ಕಥೆಗಳು ಕಳಿಸು. ಮೊಬೈಲಿಗೆ ಪಿಡಿಎಫ್ ಬೇಡ, ಅವಳು ಕೈಯಲ್ಲಿ ಹಿಡಿದು ಓದಬೇಕು. ರವಿವಾರ ಅರ್ಧ ತಾಸು ವಿಡಿಯೋ ಕಾಲಿನಲ್ಲಿ ಅವಳಿಂದ ಓದಿಸುತ್ತೀಯಾ? ನಿನ್ನ ಮಗಳನ್ನೂ ಪಕ್ಕದಲ್ಲಿ ಕೂಡಿಸಿಕೋ, ಇಬ್ಬರಿಗೂ ಗೆಳೆತನವಾಗಲಿ.

ಹೋಗುವ ಮೊದಲು ರಜೆಗೆ ಬರುತ್ತೇವೆ. ಕರ್ನಾಟಕ ಸಂಪರ್ಕ ಕ್ರಾಂತಿಯನ್ನು ಇಲ್ಲಿ ಹತ್ತಿದರೆ ನೇರ ಬೆಳಗಾವಿಯಲ್ಲೇ ಇಳಿಯುತ್ತೇವೆ. ಅಲ್ಲಿಯವರೆಗೆ ವಾರಕ್ಕೊಮ್ಮೆ ಅವ್ವನ ಕಡೆ ಹೋಗಿ ಬಾ, ಗುಳಿಗೆ ತಪ್ಪಿಸುತ್ತಿಲ್ಲ ತಾನೇ ನೋಡು. ಸೊಸೆ ಬರುತ್ತಿಲ್ಲ ಎಂದು ಬೇಜಾರಾಗಿದ್ದಾಳೆ. ಈ ಕಾಗದ ಅವಳಿಗೂ ಓದಿ ಹೇಳು. ಪಾರ್ಸಲಿನ ವಿಳಾಸವನ್ನು ಫೋನಿಗೆ ಕಳಿಸುತ್ತೇನೆ, ಇಲ್ಲಿ ಬರೆಯುವಂತಿಲ್ಲ.

ನಿನ್ನ ದೋಸ್ತ