ಪ್ಲೋವ್ದಿವ್‌ನ ಹೊರೊ ಬಳಗಕ್ಕೆ

ಅಪ್ಪ ತೀರಿಕೊಂಡ ದುಃಖದಲ್ಲಿ ನನ್ನನ್ನು ಒಂಟಿಯಾಗಲು ಬಿಡದವರಿಗೆಲ್ಲ ಅವರ ಭಾಷೆಯಲ್ಲಿ, ತಪ್ಪೋ ಒಪ್ಪೋ, ಥ್ಯಾಂಕ್ಸ್ ಹೇಳಿ ಆಯಿತು. ಊರಿನಲ್ಲಿರುವ ನನ್ನವರಿಗೂ ಅವರ ವಿಷಯ ತಿಳಿಯಲಿ ಅಂತ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಬಲ್ಗೇರಿಯಾದ ಈ ಪ್ಲೋವ್ದಿವ್ ನಗರಕ್ಕೆ ನನ್ನನ್ನು ಕರೆತಂದದ್ದು ಕೆಲಸ, ಜನ ಕೊಟ್ಟದ್ದು ಹೊರೊ. ಕೈ ಕೈ ಹಿಡಿದು ಸಾಲಾಗಿ ಹಾಕುವ ಇಲ್ಲಿನ ಕುಣಿತ ಅದು. ಅದಿಲ್ಲದ ಮದುವೆಯನ್ನು ನಾನಂತೂ ನೋಡಿಲ್ಲ. ನಾವು ಕಲಿಯುವುದು ಶಾಲೆಯೊಂದರ ಜಿಮ್‌ನಲ್ಲಿ. ಅಪ್ಪ ಅರಸೀಕೆರೆಯ ಭಜನೆಗಳಿಗೆ ಮೃದಂಗ ನುಡಿಸುತ್ತಿದ್ದವರು. ವಿಡಿಯೊ ಕಾಲ್‌ನಲ್ಲಿ ನಮ್ಮ ಕುಣಿತ ತೋರಿಸಿದರೆ ಮಗಳ ಮುಖ ನೋಡುತ್ತಿರಲಿಲ್ಲ, ತೊಡೆ ಮೇಲೆ ತಾಳ ಹಾಕುತ್ತಿದ್ದರು. ಪೈದುಷ್ಕೊ ಅನ್ನುವ ಐದೆಣಿಕೆಯ ಹೊರೊ ಶುರುವಾದರೆ ‘ತಕ ತಕಿಟ’, “ನಮ್ಮ ಖಂಡಛಾಪು ತಾಳ ಕಣೇ ಇದು!” ರಚೆನಿತ್ಸಾ ಅನ್ನುವ ಇನ್ನೊಂದು ಕುಣಿತಕ್ಕೆ ಏಳೆಣಿಕೆ, ‘ತಕ ತಕ ತಕಿಟ’: “ನಮ್ಮ ಮಿಶ್ರಛಾಪುನ ಹಿಂದುಮುಂದು ಮಾಡಿದಾರಲ್ಲೇ!” ನಮ್ಮ ಡೋಲಿನ ಯಜಮಾನರು ಒಂದಕ್ಷರ ಅರ್ಥವಾಗದಿದ್ದರೂ ಫೋನಿನೆದುರು ತಪಾನ್ ಅನ್ನುವ ತಮ್ಮ ಡೋಲು ಬಾರಿಸಿ ಉತ್ತರ ಕೊಡುತ್ತಿದ್ದರು. ಹಾಗಾಗಿ ಬಳಗಕ್ಕೆಲ್ಲ ಅಪ್ಪ ಗೊತ್ತು.

ಸುದ್ದಿ ಬಂದಾಗ ಇಲ್ಲಿಂದ ಬೆಂಗಳೂರಿಗೆ ನೇರ ವಿಮಾನವಿಲ್ಲ. ಇಸ್ತಾಂಬುಲ್ ಸುತ್ತಿ ಮನೆ ಮುಟ್ಟುವಷ್ಟರಲ್ಲಿ ಸಂಸ್ಕಾರ ಮುಗಿದಿತ್ತು. ವೈಕುಂಠ ಸಮಾರಾಧನೆ ಮುಗಿಸಿಕೊಂಡು ವಾಪಸ್ ಬಂದರೆ ಅಪಾರ್ಟ್‌ಮೆಂಟಿನ ಬಾಗಿಲಿನಲ್ಲಿ ಅಪ್ಪ!

ಇಲ್ಲಿ ಯಾರಾದರೂ ಹೋದರೆ ಫೋಟೊ ಸಮೇತ ಒಂದು ಹಾಳೆ ಮುದ್ರಿಸಿ ಮನೆ ಬಾಗಿಲು, ಮರ, ಬಸ್ ಸ್ಟಾಪು ಅಂತ ಅಂಟಿಸುತ್ತಾರೆ. ನೆಕ್ರೊಲೊಗ್ ಅಂತಾರೆ. ಬಂದ ಹೊಸತರಲ್ಲಿ ಅವನ್ನು ಕಂಡರೆ ಮುಖ ಆಚೆ ತಿರುಗಿಸುತ್ತಿದ್ದೆ. ಈ ಹಾಳೆಯಲ್ಲಿದ್ದದ್ದು ವಿಡಿಯೊ ಕಾಲ್‌ನಲ್ಲಿ ಹಿಡಿದಿಟ್ಟ ಅಪ್ಪನ ಚಿತ್ರ, ಸ್ವಲ್ಪ ಮಸುಕು. ಕೆಳಗೆ ಸಿರಿಲಿಕ್ ಲಿಪಿಯಲ್ಲಿ ಅವರ ಹೆಸರು, ಊರು. ಮೂರನೇ ಮಹಡಿಯ ಅಜ್ಜಿ ಅದರ ಮುಂದೆ ನಿಂತು ಅರಸೀಕೆರೆ ಅನ್ನುವುದನ್ನು ಕೂಡಿಸಿ ಕೂಡಿಸಿ ಓದುತ್ತಿದ್ದರು. ನಾನು ಸೂಟ್‌ಕೇಸ್ ಹಿಡಿದುಕೊಂಡು ಅಲ್ಲೇ ಅತ್ತುಬಿಟ್ಟೆ. ಮಾಡಿದವರು ಯಾರು ಅಂತ ಯಾರೂ ಬಾಯಿ ಬಿಟ್ಟಿಲ್ಲ. ನನಗೆ ಗೊತ್ತಿದೆ, ಬಿಡಿ.

ನಲವತ್ತನೆಯ ದಿನ ಅದೇ ಅಜ್ಜಿ, ಹೊರೊದ ಹೆಂಗಸರು ಸೇರಿ ಝಿತೊ ಮಾಡಿದರು: ಬೇಯಿಸಿದ ಗೋಧಿ, ಪುಡಿ ಮಾಡಿದ ಅಕ್ರೋಟು, ಮೇಲೆ ಸಕ್ಕರೆ ಪುಡಿ. ನಮ್ಮ ಗೋಧಿ ಹುಗ್ಗಿಯ ದೂರದ ನೆಂಟ. ಪುಟ್ಟ ಪ್ಲಾಸ್ಟಿಕ್ ಕಪ್ಪುಗಳಲ್ಲಿ ಹಾಕಿ ಬಿಲ್ಡಿಂಗಿನವರಿಗೆಲ್ಲ ಹಂಚಿದೆವು. ಅಪ್ಪ ಕ್ರಿಶ್ಚಿಯನ್ ಅಲ್ಲವಲ್ಲ ಅಂದೆ. ಅಜ್ಜಿ ಚಮಚ ನನ್ನ ಕೈಗಿಟ್ಟು, “ಅಪ್ಪ ಹೌದು ತಾನೇ?” ಅಂದರು.

ಸೂತಕದವರು ಹೊರೊಗೆ ಇಳಿಯುವುದಿಲ್ಲ ಅಂತ ಹಳಬರು ಪಾಲಿಸುತ್ತಾರೆ. ಅಷ್ಟು ವಾರ ನನ್ನನ್ನು ಯಾರೂ ಕುಣಿಯಲು ಎಳೆಯಲಿಲ್ಲ, ಮನೆಯಲ್ಲಿ ಕೂರಲೂ ಬಿಡಲಿಲ್ಲ. ಡೋಲಿನ ಪಕ್ಕ ಒಂದು ಕುರ್ಚಿ ಹಾಕಿಟ್ಟಿದ್ದರು. ಮತ್ತೆ ಇಳಿದ ದಿನ ಯಜಮಾನರು ನನ್ನ ಕಡೆ ನೋಡಿ ಪೈದುಷ್ಕೊ ಎತ್ತಿಕೊಂಡರು, ಸಾಲಿನ ಮುಂದಿದ್ದವರು ಕೈಯಲ್ಲಿದ್ದ ಕರವಸ್ತ್ರವನ್ನು ನನಗೆ ಕೊಟ್ಟರು. ನೆಟ್ಟಗೆ ಹೆಜ್ಜೆ ಬಾರದವಳಿಗೆ ಮುಂದಾಳತ್ವ! ಇಡೀ ಸಾಲು ನನ್ನ ಜೊತೆ ತಾಳ ತಪ್ಪಿತು, ಒಬ್ಬರೂ ಗೊಣಗಲಿಲ್ಲ.

ನಿಮ್ಮೆಲ್ಲರ ಋಣ ದೊಡ್ಡದು. ಈ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಬಿಸಿಬೇಳೆಬಾತು, ಬಳಗದವರೆಲ್ಲ ಬರಲೇಬೇಕು. ಖಾರ ಕಮ್ಮಿ ಹಾಕುತ್ತೇನೆ. ತಪಾನ್ ತನ್ನಿ, ಕೆಳಗಿನ ಮನೆಯವರನ್ನೂ ಕರೆದಿದ್ದೇನೆ, ಗಲಾಟೆ ಅಂತ ಯಾರೂ ಬೈಯುವುದಿಲ್ಲ.